ಬೆಂಕಿಪುರದಲ್ಲಿ ಬೌಲರನ ದಿನ

ಒಂದು ಮಾತು ಕೇಳ್ತೀನಿ, ನಿಜ ಹೇಳಿ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ವಜ್ರಮುನಿ ಇಲ್ಲದೇ ಹೋಗಿದ್ದರೆ ರಾಜಣ್ಣ ಸವಾಲು ಹಾಕ್ತಿದ್ದುದು ಯಾರಿಗೆ? ಗೋಡೆಗಾ? ಗಾಂಧಿ ಕ್ಲಾಸಿನ ಶಿಳ್ಳೆ ಹೀರೋಗೆ, ಒಪ್ಪಿದೆ. ಕಟೌಟು, ಹೂವಿನ ಹಾರ, ಹಾಲಿನ ಅಭಿಷೇಕ ಎಲ್ಲ ಹೀರೋಗೇ. ಆದರೆ ಪರದೆ ಮೇಲೆ ವಜ್ರಮುನಿ ಹಲ್ಲು ಕಚ್ಚಿ ಒಂದು ಹೆಜ್ಜೆ ಮುಂದಿಟ್ಟಾಗ ನಿಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತಲ್ಲ, ಆ ಥ್ರಿಲ್ಲು ಯಾರದ್ದು?

ಕ್ರಿಕೆಟ್ಟಿನಲ್ಲೂ ಹೀಗೇ ಸ್ವಾಮಿ. ಬ್ಯಾಟು ಹಿಡಿದವನು ಹೀರೋ. ಚೆಂಡು ಹಿಡಿದವನು ವಿಲನ್. ಸೆಂಚುರಿ ಹೊಡೆದರೆ ಪೋಸ್ಟರು, ವಿಕೆಟ್ ಕಿತ್ತರೆ ಪತ್ರಿಕೆಯಲ್ಲಿ ಎರಡು ಸಾಲು. ಆದರೆ ವರ್ಷಕ್ಕೊಂದು ದಿನ, ಹತ್ತು ವರ್ಷಕ್ಕೊಂದು ದಿನ, ಇಡೀ ಪಿಕ್ಚರೇ ವಿಲನ್‌ನ ಕೈಗೆ ಹೋಗಿಬಿಡುತ್ತೆ. ಅಂಥ ಒಂದು ಮಧ್ಯಾಹ್ನ ನನಗೆ ಸಿಕ್ಕಿದ್ದು ಲಾರ್ಡ್ಸ್‌ನಲ್ಲಲ್ಲ, ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲೂ ಅಲ್ಲ. ನಮ್ಮ ಭದ್ರಾವತಿಯಲ್ಲಿ, ಟೆನ್ನಿಸ್ ಬಾಲ್ ಮ್ಯಾಚಿನಲ್ಲಿ!

ಮೊದಲು ಶಿವಮೊಗ್ಗ

ಅಶೋಕ ಸರ್ಕಲ್ ಹತ್ತಿರ ಬಸ್ಸಿನಿಂದ ಇಳಿದರೆ ಶಿವಮೊಗ್ಗ ನಿಮ್ಮನ್ನು ಮಾತಾಡಿಸೋದು ಹಾರನ್ನಿನಲ್ಲಿ. ಗಾಂಧಿ ಬಜಾರು, ದುರ್ಗಿಗುಡಿ, ಗೋಪಿ ಸರ್ಕಲ್ಲು ಸುತ್ತಿ ತುಂಗೆಯ ದಡಕ್ಕೆ ಬಂದರೆ ಮಾತ್ರ ಊರು ಸ್ವಲ್ಪ ದನಿ ತಗ್ಗಿಸುತ್ತೆ. ಶಿವಪ್ಪನಾಯಕನ ಅರಮನೆ ನೋಡಿ, ಖಾರ ಮಂಡಕ್ಕಿ ತಿನ್ನಿ, ಆದರೆ ನನ್ನ ಮಾತು ಕೇಳಿ ಸವಳಂಗ ರಸ್ತೆಯ ಆಟೋ ಹಿಡಿದು ನವಿಲೆಗೆ ಹೋಗಿ. ಇಂಜಿನಿಯರಿಂಗ್ ಕಾಲೇಜಿನ ಮಗ್ಗುಲಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನ ಇದೆ. ರಣಜಿ ಪಂದ್ಯಗಳು ನಡೆದಿರುವ ಜಾಗ.

2024ರ ಜನವರಿಯಲ್ಲಿ ಇಲ್ಲಿ ಒಂದು ಭಾರಿ ಪ್ರದರ್ಶನ ನಡೆಯಿತು. ಹತ್ತೊಂಬತ್ತು ವರ್ಷದೊಳಗಿನವರ ಕೂಚ್ ಬಿಹಾರ್ ಟ್ರೋಫಿ ಫೈನಲ್. ಮುಂಬಯಿ ಎದುರು ಕರ್ನಾಟಕದ ಪ್ರಖರ್ ಚತುರ್ವೇದಿ ಎಂಬ ಹುಡುಗ ಔಟಾಗದೆ 404 ಹೊಡೆದ. ಈ ಟೂರ್ನಿಯ ಫೈನಲ್‌ನಲ್ಲಿ ಅಲ್ಲಿಯವರೆಗೆ ದೊಡ್ಡ ಸ್ಕೋರು ಯುವರಾಜ್ ಸಿಂಗ್ ಹೊಡೆದಿದ್ದ 358. ಅದು ಪುಡಿಯಾಯಿತು. ಭೇಷ್! ಕಪ್ಪೂ ನಮಗೇ ಬಂತು.

ಆದರೆ ಆ 404ಕ್ಕೆ ಆತ ಎದುರಿಸಿದ ಚೆಂಡುಗಳು 638. ಅಂದರೆ ನೂರಕ್ಕೂ ಹೆಚ್ಚು ಓವರು ಒಬ್ಬನಿಗೇ! ಅಷ್ಟು ಚೆಂಡು ಎಸೆದ ಮುಂಬಯಿ ಹುಡುಗರ ಹೆಸರು ನಿಮಗೆ ಗೊತ್ತಾ? ಆಟೋ ಡ್ರೈವರನಿಗೆ ಕೇಳಿದೆ. "ಬೌಲರ್ ಹೆಸರಾ? ಅದ್ಯಾರು ಸಾರ್ ನೆನಪಿಟ್ಕೊಂತಾರೆ?" ಅಂದ. ಬೌಲರನ ಹಣೆಬರಹ ಇಷ್ಟೇ.

ಈ ಜಿಲ್ಲೆಯಲ್ಲಿ ಎಲ್ಲರಿಗೂ ಪ್ರೀತಿಪಾತ್ರನಾದ ಬೌಲರ್ ಒಬ್ಬನಿದ್ದಾನೆ. ಯಾರು ಹೇಳಿ? ಸ್ವಾಮಿ! ನಮ್ಮ ಶಂಕರಣ್ಣ ಆಗುಂಬೆಯಲ್ಲಿ ಬೀಡುಬಿಟ್ಟು ತೆಗೆದ 'ಮಾಲ್ಗುಡಿ ಡೇಸ್' ನೆನಪಿದೆಯಲ್ಲ? ಮಾಸ್ಟರ್ ಮಂಜುನಾಥ್ ಮಾಡಿದ ಆ ಸ್ವಾಮಿ ಆರ್.ಕೆ. ನಾರಾಯಣರ ಕಾದಂಬರಿಯಲ್ಲಿ ತನ್ನ ತಂಡದ ಬೌಲರ್. ಗೆಳೆಯರು ಅವನನ್ನು 'ಟೇಟ್' ಅಂತ ಕರೀತಾರೆ. ಆ ಕಾಲದ ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್‌ನ ಹೆಸರು ಅದು. ಬ್ರಾಡ್ಮನ್ ಅಂತ ಕರೆಸಿಕೊಳ್ಳೋದು ಬಿಟ್ಟು ಟೇಟ್ ಅಂತ ಕರೆಸಿಕೊಂಡು ಹಿಗ್ಗಿದ ಹುಡುಗ! ಸೀರಿಯಲ್ಲಿನ ರೈಲು ಬಂದು ನಿಂತ ಅರಸಾಳು ಸ್ಟೇಷನ್ನಿನ ಹಳೆ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಬಿಡುವಿದ್ದರೆ ಅಲ್ಲಿಗೂ ಒಂದು ಟಿಕೆಟ್ ತಗೊಳ್ಳಿ.

ತುಂಗೆಯಿಂದ ಭದ್ರೆಗೆ

ಭಾನುವಾರ ಹನ್ನೊಂದು ಗಂಟೆಗೆ ಭದ್ರಾವತಿ ಬಸ್ ಹತ್ತಿದೆ. ಇಪ್ಪತ್ತು ಕಿಲೋಮೀಟರಿನ ಒಳಗಿನ ಹಾದಿ. ತುಂಗಾ ಸೇತುವೆ ದಾಟಿದರೆ ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ. ಕಡಲೆಕಾಯಿ ಪೊಟ್ಟಣ ಖಾಲಿಯಾಗೋದರೊಳಗೆ ಭದ್ರಾವತಿ. ಒಂದು ನದಿ ಬಿಟ್ಟು ಇನ್ನೊಂದು ನದಿಗೆ ಬಂದಿರ್ತೀರಿ. ಈ ಎರಡೂ ಕೂಡ್ಲಿಯಲ್ಲಿ ಕೈ ಹಿಡಿದು ತುಂಗಭದ್ರೆ ಆಗೋದು ನಿಮಗೆ ಗೊತ್ತೇ ಇದೆ.

ಭದ್ರಾವತಿಯ ಹಳೆ ಹೆಸರು ಬೆಂಕಿಪುರ. ಹೆಸರಿಗೆ ತಕ್ಕ ಊರು ನೋಡಿ! ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ನಾಂದಿಯಾಯಿತು, 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು. 1937ರಲ್ಲಿ ಕಾಗದದ ಕಾರ್ಖಾನೆ ಬಂತು. ಎಂಬತ್ತರ ದಶಕದಲ್ಲಿ ಇಲ್ಲಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಹೋಗುತ್ತಿತ್ತು. ನೀವು ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಮಡಚಿ ಜೇಬಿಗಿಟ್ಟುಕೊಂಡ ಎಷ್ಟೋ ಹಾಳೆಗಳ ತೌರುಮನೆ ಈ ಊರು. ನಮ್ಮ ದೊಡ್ಡಣ್ಣ ಕೂಡ ಬಣ್ಣ ಹಚ್ಚಿ ಹೆಸರು ಮಾಡುವ ಮುನ್ನ ಇಲ್ಲಿನ ಉಕ್ಕಿನ ಕಾರ್ಖಾನೆಯ ನೌಕರ.

ಕೆಲಸ ಹುಡುಕಿಕೊಂಡು ಬಂದವರಿಂದ ತುಂಬಿದ ಊರಾದ್ದರಿಂದ ಒಂದು ಟೀ ಅಂಗಡಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಂ ಐದೂ ಕಿವಿಗೆ ಬೀಳುತ್ತವೆ. ಈಗ ಕಾಗದದ ಯಂತ್ರಗಳು ನಿಂತು ವರ್ಷಗಳಾದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರದ ಸುದ್ದಿ ಬಂತು, ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಊರಿನ ಮುಖದಲ್ಲಿ ಆ ಚಿಂತೆ ಇವತ್ತಿಗೂ ಕಾಣುತ್ತೆ. ಆದರೆ ಭಾನುವಾರ ಮೈದಾನಕ್ಕೆ ಬನ್ನಿ. ಚಿಂತೆಗೆ ಅಲ್ಲಿ ಎಂಟ್ರಿ ಇಲ್ಲ!

ಕ್ರಿಕೆಟ್ ಲೋಕಕ್ಕೆ ಈ ಊರು ಕೊಟ್ಟ ಹೀರೋ ಗುಂಡಪ್ಪ ವಿಶ್ವನಾಥ್. 1949ರ ಫೆಬ್ರವರಿ 12ರಂದು ಇಲ್ಲಿ ಹುಟ್ಟಿದವರು, ಬೆಳೆದದ್ದು ಬೆಂಗಳೂರಿನಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137! ಒಟ್ಟು 91 ಟೆಸ್ಟ್, 6,080 ರನ್, 14 ಸೆಂಚುರಿ. ಆದರೆ ಹಳಬರನ್ನು ಕೇಳಿ ನೋಡಿ, ಅವರು ಮೊದಲು ಹೇಳೋದು ಸೆಂಚುರಿಯಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ಹೊಡೆದ ಔಟಾಗದ 97. ಯಾಕೆ? ಎದುರಿಗೆ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದ. 64 ರನ್ನಿಗೆ 7 ವಿಕೆಟ್! ತಂಡದ ಮೊತ್ತ ಬರೀ 190, ಅದರಲ್ಲಿ ವಿಶಿ ಒಬ್ಬರದೇ 97. ರಾಬರ್ಟ್ಸ್ ಇಲ್ಲದಿದ್ದರೆ ಆ 97 ನೂರರಲ್ಲಿ ಒಂದಾಗಿ ಹೋಗುತ್ತಿತ್ತು. ವಿಲನ್ ಗಟ್ಟಿಯಿದ್ದರೇನೇ ಹೀರೋ!

ಅಜ್ಜ ಹೇಳಿದ ಪಿಕ್ಚರು

ಕಾರ್ಖಾನೆ ಕಾಲೋನಿಯ ಪಕ್ಕದ ಮೈದಾನ. ಮಣ್ಣಿನ ಪಿಚ್ಚು, ಶಾಮಿಯಾನ, ಮೈಕಿನಲ್ಲಿ ಅರ್ಧ ಕಾಮೆಂಟರಿ ಅರ್ಧ ಸಿನಿಮಾ ಹಾಡು. ಎಂಟೆಂಟು ಓವರಿನ ಫೈನಲ್. ಕಾಲೋನಿ ಹುಡುಗರು ಒಂದು ಕಡೆ, ಶಿವಮೊಗ್ಗದಿಂದ ಬಂದ ತಂಡ ಇನ್ನೊಂದು ಕಡೆ. ಫ್ಲೆಕ್ಸಿನಲ್ಲಿ ಎರಡೂ ತಂಡದ ಕ್ಯಾಪ್ಟನ್ನುಗಳು ಬ್ಯಾಟು ಹೆಗಲ ಮೇಲಿಟ್ಟು ಕೂಲಿಂಗ್ ಗ್ಲಾಸ್ ಹಾಕಿ ನಿಂತಿದ್ದರು. ಕಾಲೋನಿಯವರು ಮೊದಲು ಆಡಿ 61 ಹೊಡೆದರು. ಅದರಲ್ಲಿ ಕ್ಯಾಪ್ಟನ್ನನದೇ ಮೂವತ್ತಕ್ಕೆ ಮೇಲೆ.

ಮರದ ಕೆಳಗೆ ನನ್ನ ಪಕ್ಕ ಕೂತಿದ್ದ ಯಜಮಾನರಿಗೆ ಎಪ್ಪತ್ತೈದರ ಆಸುಪಾಸು. ರಿಟೈರಾದ ಕಾರ್ಮಿಕ. "ಸ್ಕೋರು ಸಾಲದು ಕಣ್ರೀ" ಅಂದರು. "ಬೌಲರು ಯಾರಾದ್ರೂ ಇದ್ದಾರಾ ಅಜ್ಜಾ?" ಅಂತ ಕೇಳಿದೆ. ಅಷ್ಟು ಸಾಕಾಯಿತು.

"ಬೌಲರು ಅಂದ್ರೆ ಚಂದ್ರ ಕಣ್ರೀ!"

ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೋ ಬಡಿದು ಬಲಗೈ ಸಣಕಲಾಗಿತ್ತು. ಅದೇ ಕೈಯಲ್ಲಿ ಬೌಲಿಂಗ್! ಚೆಂಡು ಹಿಡಿದು ವಾಪಸ್ ಎಸೆಯೋದು ಎಡಗೈಯಲ್ಲಿ. ಆ ಸಣ್ಣ ಕೈ ಚಾಟಿಯ ಹಾಗೆ ಬೀಸಿ ಬರುತ್ತಿತ್ತು. ಸ್ಪಿನ್ ಹೌದು, ವೇಗ ಮಾತ್ರ ಹೆಚ್ಚುಕಮ್ಮಿ ಮೀಡಿಯಂ ಪೇಸ್. ಗೂಗ್ಲಿ, ಟಾಪ್‌ಸ್ಪಿನ್ ಯಾವುದು ಬರುತ್ತೆ ಅಂತ ದಾಂಡಿಗನಿಗೆ ತಿಳಿಯೋದು ಬೇಲ್ಸ್ ಹಾರಿದ ಮೇಲೆ. 58 ಟೆಸ್ಟಿನಲ್ಲಿ 242 ವಿಕೆಟ್. ಬ್ಯಾಟಿನಿಂದ ಬಂದ ರನ್ನು? 167! ರನ್ನಿಗಿಂತ ವಿಕೆಟ್ಟೇ ಜಾಸ್ತಿ. ಇನ್ನೊಂದು ಗುಟ್ಟು, ಮನುಷ್ಯನಿಗೆ ಮುಕೇಶ್ ಹಾಡಿನ ಹುಚ್ಚು. ನಮ್ಮ ಪೈಕಿನೇ ಅನ್ನಿ!

"ಎಪ್ಪತ್ತೊಂದನೇ ಇಸವಿ, ಗೌರಿ ಹಬ್ಬ" ಅಂತ ಅಜ್ಜ ಶುರುಮಾಡಿದರು. 1971ರ ಆಗಸ್ಟ್ 23, ಲಂಡನ್ನಿನ ಓವಲ್ ಮೈದಾನ. ಮೊದಲ ಎರಡು ಟೆಸ್ಟ್ ಡ್ರಾ. ಇಂಗ್ಲೆಂಡಿನ ನೆಲದಲ್ಲಿ ಭಾರತ ಅಲ್ಲಿಯವರೆಗೆ ಒಂದು ಟೆಸ್ಟೂ ಗೆದ್ದಿರಲಿಲ್ಲ. ಈ ಟೆಸ್ಟಿನಲ್ಲೂ ಇಂಗ್ಲೆಂಡಿಗೆ 71 ರನ್ನಿನ ಮುನ್ನಡೆ. ನಮ್ಮ ಗಡಿಯಾರದಲ್ಲಿ ಆಟ ಶುರುವಾಗೋದು ಸಂಜೆ ನಾಲ್ಕಕ್ಕೆ.

"ನನಗೆ ಸೆಕೆಂಡ್ ಶಿಫ್ಟು. ಎರಡಕ್ಕೆ ಒಳಗೆ ಹೋದ್ರೆ ರಾತ್ರಿ ಹತ್ತಕ್ಕೆ ಹೊರಗೆ. ಕುಲುಮೆಗೆ ಗೌರಿ ಹಬ್ಬ ಉಂಟಾ ಮಾರಾಯ್ರೆ? ಹತ್ತು ಗಂಟೆಗೆ ಗೇಟಿನ ಹತ್ರ ಬಂದ್ರೆ ನನ್ನ ಸ್ನೇಹಿತ ಟ್ರಾನ್ಸಿಸ್ಟರ್ ಹೆಗಲಿಗೆ ಹಾಕ್ಕೊಂಡು ನಿಂತಿದ್ದಾನೆ. 'ಆಲ್ ಔಟ್ ಕಣೋ! ನೂರಾ ಒಂದಕ್ಕೆ!' ಅಂತ ಕೂಗಿದ. ನಾವು ಏಳೆಂಟು ಜನ ಅವನ ಸುತ್ತ ಸೈಕಲ್ ನಿಲ್ಲಿಸಿ ನಿಂತ್ಕೊಂಡ್ವಿ. ಅವನು ಒಂದೊಂದೇ ವಿಕೆಟ್ ಹೇಳ್ತಾ ಹೋದ."

ಅಜ್ಜ ನನಗೂ ಒಂದೊಂದೇ ಹೇಳಿದರು. ಮೊದಲು ಜೇಮ್ಸನ್. ಲಕ್‌ಹರ್ಸ್ಟ್ ನೇರಕ್ಕೆ ಹೊಡೆದ ಚೆಂಡು ಚಂದ್ರರ ಕೈಗೆ ತಾಗಿ ಸ್ಟಂಪಿಗೆ ಬಡಿಯಿತು, ಜೇಮ್ಸನ್ ರನ್ ಔಟ್. 23ಕ್ಕೆ ಒಂದು. ಊಟಕ್ಕೆ ಮುಂಚೆ ಎಡ್ರಿಚ್ ಎದುರಿಗಿದ್ದ. ದಿಲೀಪ್ ಸರ್ದೇಸಾಯಿ ದೂರದಿಂದ 'ಮಿಲ್ ರೀಫ್ ಹಾಕು' ಎಂದು ಕೂಗಿದರು. ಮಿಲ್ ರೀಫ್ ಅಂದರೆ ಆ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆ! ವೇಗದ ಚೆಂಡು ಹಾಕು ಅನ್ನೋದಕ್ಕೆ ತಂಡದವರ ಕೋಡ್ ವರ್ಡು. ಕುದುರೆ ಬಂತು, ಎಡ್ರಿಚ್ ಬ್ಯಾಟು ಇಳಿಸೋದರೊಳಗೆ ಸ್ಟಂಪ್ ಹೋಯಿತು. ಮುಂದಿನ ಚೆಂಡಿಗೆ ಫ್ಲೆಚರ್, ಸೋಲ್ಕರ್ ಕೈಗೆ ಕ್ಯಾಚ್. 24ಕ್ಕೆ ಮೂರು! ಇಂಟರ್‌ವಲ್ ಅಂದರೆ ಹೀಗಿರಬೇಕು.

ಊಟದ ನಂತರ ನಾಯಕ ಇಲ್ಲಿಂಗ್‌ವರ್ತ್, ಸ್ನೋ ಇಬ್ಬರೂ ಚಂದ್ರರಿಗೇ ಕ್ಯಾಚ್ ಕೊಟ್ಟು ಹೋದರು. ಕೊನೆಗೆ ಲೆಕ್ಕ: 18.1 ಓವರ್, 38 ರನ್, 6 ವಿಕೆಟ್. ಮಾರನೇ ದಿನ ಗಣೇಶ ಚತುರ್ಥಿ. ಓವಲ್ ಮೈದಾನಕ್ಕೆ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯೂ ಬಂತು! ಗೆಲ್ಲೋಕೆ 173 ಬೇಕಿತ್ತು, ಭಾರತ ನಾಲ್ಕು ವಿಕೆಟ್ಟಿನಿಂದ ಗೆದ್ದಿತು. ಆ ಇನ್ನಿಂಗ್ಸಿನಲ್ಲಿ ನಮ್ಮ ಭದ್ರಾವತಿ ವಿಶಿ ತಾಳ್ಮೆಯಿಂದ ಹೊಡೆದದ್ದು 33. ಊರಿನ ಹುಡುಗನಿಗೆ ಆ ಪಿಕ್ಚರಿನಲ್ಲಿ ಒಳ್ಳೆ ಪಾರ್ಟು, ಆದರೆ ಟೈಟಲ್ ರೋಲು ಚಂದ್ರನದು. 2002ರಲ್ಲಿ ವಿಸ್ಡನ್ ಅದನ್ನು ಶತಮಾನದ ಭಾರತೀಯ ಬೌಲಿಂಗ್ ಎಂದು ಆರಿಸಿತು.

"ನಾನು ನೋಡಿಲ್ಲ, ರೇಡಿಯೋದಲ್ಲೂ ಕೇಳಿಲ್ಲ. ಗೇಟಿನ ಹತ್ರ ಕೇಳಿದ್ದು. ಆದ್ರೆ ಇವತ್ತಿಗೂ ಎಡ್ರಿಚ್ ಸ್ಟಂಪ್ ಬಿದ್ದಿದ್ದು ನನ್ನ ಕಣ್ಣ ಮುಂದೆ ಇದೆ" ಅಂದರು ಅಜ್ಜ. ಪಿಕ್ಚರು ನೋಡಿ ಬಂದವನು ಕತೆ ಹೇಳಿದರೆ ಟಿಕೆಟ್ ಸಿಗದವನಿಗೂ ಮೈ ಜುಮ್ಮೆನ್ನುತ್ತೆ. ನಮ್ಮ ಎಷ್ಟು ಜನ ಸಿನಿಮಾ ಹುಚ್ಚರಾದದ್ದು ಹಾಗೇ ಅಲ್ಲವೇ?

ಹನ್ನೆರಡು ಚೆಂಡು

ಇತ್ತ ಮೈದಾನದಲ್ಲಿ ಶಿವಮೊಗ್ಗದವರು ಐದು ಓವರಿಗೆ 45 ಹೊಡೆದಾಗಿತ್ತು. ಹೋದದ್ದು ಒಂದೇ ವಿಕೆಟ್. 18 ಚೆಂಡಿಗೆ 17 ಬೇಕು. ಜನ ಚಪ್ಪಲಿ ಹುಡುಕಲು ಶುರುಮಾಡಿದ್ದರು. ಆಗ ಕ್ಯಾಪ್ಟನ್ ಒಬ್ಬ ಸಣಕಲ ಹುಡುಗನಿಗೆ ಚೆಂಡು ಕೊಟ್ಟ. ಐಟಿಐ ಓದುವ ಹುಡುಗನಂತೆ. ಕಾಲಲ್ಲಿದ್ದ ಶೂ ಅವನದಲ್ಲ, ಲೇಸು ಎರಡು ಸುತ್ತು ಸುತ್ತಿ ಕಟ್ಟಿದ್ದ. "ಅವರಪ್ಪನಿಗೆ ಕಾಂಟ್ರಾಕ್ಟ್ ಕೆಲಸ, ಸಿಕ್ಕ ದಿನ ಉಂಟು, ಇಲ್ಲದ ದಿನ ಇಲ್ಲ" ಎಂದರು ಅಜ್ಜ.

ಮೊದಲನೆಯದೇ ವೈಡ್. "ಲೇ, ಕೈ ಬಿಡೋ!" ಅಂತ ಯಾರೋ ಕೂಗಿದರು. ಹುಡುಗ ತಿರುಗಿ ಕೂಡ ನೋಡಲಿಲ್ಲ. ಮುಂದಿನದು ಬ್ಯಾಟಿನ ಅಂಚಿನ ಪಕ್ಕ ಹೋಯಿತು. ಅದರ ಮುಂದಿನದು ಅದೇ ಓಟ, ಅದೇ ತೋಳು, ಅದೇ ಜೋರು, ಆದರೆ ಚೆಂಡು ಮಾತ್ರ ತಡವಾಗಿ ಬಂತು! ಸಿಕ್ಸರ್ ಹೊಡೆಯೋಕೆ ಬ್ಯಾಟು ಬೀಸಿ ಮುಗಿಸಿದ್ದ ದಾಂಡಿಗ. ಚೆಂಡು ಆರಾಮಾಗಿ ಹೋಗಿ ಲೆಗ್ ಸ್ಟಂಪ್ ತಟ್ಟಿತು. ಹೊಸಬ ಬಂದ. ತಡವಾಗಿ ಬರುತ್ತೆ ಅಂತ ಕಾದ. ಬಂದದ್ದು ವೇಗದ್ದು, ಅಂಚಿಗೆ ತಾಗಿ ಕೀಪರ್ ಕೈಗೆ. ಹ್ಯಾಟ್ರಿಕ್ ಚೆಂಡು ಸ್ಟಂಪಿನ ಮೇಲೆ ಒಂದು ಬೆರಳು ಅಂತರದಲ್ಲಿ ಹೋಯಿತು. ಚಪ್ಪಲಿ ಹುಡುಕಿದವರೆಲ್ಲ ಮತ್ತೆ ಕೂತರು. ಆರು ಚೆಂಡಿಗೆ ಮೂರು ರನ್ನು, ಎರಡು ವಿಕೆಟ್.

ಏಳನೇ ಓವರು ಬೇರೆಯವನು ಹಾಕಿ ಎಂಟು ಕೊಟ್ಟ. ಕೊನೆ ಓವರಿಗೆ ಆರು ಬೇಕು. ಮತ್ತೆ ಅದೇ ಹುಡುಗ. ಮೈಕಿನ ಹಾಡು ತಾನಾಗಿ ನಿಂತಿತ್ತು. ಮೊದಲ ಚೆಂಡಿಗೆ ಒಂದು. ಎರಡನೆಯದು ಬಿದ್ದು ಒಳಗೆ ತಿರುಗಿ ಮಧ್ಯದ ಸ್ಟಂಪ್! ಮೂರನೆಯದಕ್ಕೆ ಎರಡು ಓಡಿದರು. ನಾಲ್ಕು, ಖಾಲಿ. ಐದನೆಯದನ್ನು ದಾಂಡಿಗ ಬಲವಾಗಿ ನೇರಕ್ಕೆ ಹೊಡೆದ. ಹುಡುಗ ಬಗ್ಗಿ ಮೊಣಕಾಲ ಹತ್ತಿರ ಹಿಡಿದುಬಿಟ್ಟ! ಉಳಿದದ್ದು ಒಂದು ಚೆಂಡು, ಬೇಕಾದದ್ದು ಮೂರು. ಒಂದು ಬೌಂಡರಿ ಹೋದರೆ ಕಪ್ಪು ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗಕ್ಕೆ.

ಅಜ್ಜ ನನ್ನ ಮಣಿಕಟ್ಟು ಹಿಡಿದಿದ್ದರು. ಕುಲುಮೆ ಮುಂದೆ ದುಡಿದ ಹಿಡಿತ, ಕೈ ನೋಯುತ್ತಿತ್ತು, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಹುಡುಗ ಓಡಿ ಬಂದ. ಐದೂ ಭಾಷೆಗಳು ಒಟ್ಟಿಗೆ ಬಾಯಿ ಮುಚ್ಚಿದವು. ತಡವಾಗಿ ಬರುತ್ತಾ, ಬೇಗ ಬರುತ್ತಾ? ತಡವಾಗಿ ಬಂತು. ಬ್ಯಾಟು ಗಾಳಿ ಹೊಡೆಯಿತು, ಆಮೇಲೆ 'ಟಕ್' ಅಂತ ಒಂದೇ ಸದ್ದು. ಎರಡು ರನ್ನಿನ ಗೆಲುವು! ಹುಡುಗನ ಲೆಕ್ಕ ಎರಡು ಓವರ್, ಆರು ರನ್, ಐದು ವಿಕೆಟ್.

ಆ ಥ್ರಿಲ್ಲು ಏನದು?

ಯೋಚಿಸಿ ನೋಡಿದೆ. ಸೆಂಚುರಿ ಅನ್ನೋದು ಹಾಡಿನ ಹಾಗೆ. ಪಲ್ಲವಿ ಬಂತು, ಚರಣ ಬಂತು, ನಾವೂ ಜೊತೆಗೆ ಗುನುಗಬಹುದು. ಬೌಲರನ ಒಳ್ಳೆ ದಿನ ಸಸ್ಪೆನ್ಸ್ ಪಿಕ್ಚರು. ದಾಂಡಿಗ ಹತ್ತು ಚೆಂಡು ಸರಿಯಾಗಿ ಆಡಿ ಹನ್ನೊಂದನೆಯದರಲ್ಲಿ ತಪ್ಪಿದರೆ ಕತೆ ಮುಗಿಯಿತು. ವೇಗದ ಬೌಲರ್ ಕೈಯಿಂದ ಹೊರಟ ಚೆಂಡು ಬ್ಯಾಟಿಗೆ ಬರೋದಕ್ಕೆ ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ಅವನು ಬೆರಳು ಓದಬೇಕು. ಬೌಲರನ ವಿದ್ಯೆಯೆಲ್ಲ ಆ ಬೆರಳನ್ನು ಬಚ್ಚಿಡೋದರಲ್ಲಿ.

ಅಮೆರಿಕದವರ ಬೇಸ್‌ಬಾಲಿನಲ್ಲೂ ಇದೇ ಮಜಾ. ಅಲ್ಲಿ ಚೆಂಡು ಎಸೆಯುವವನನ್ನು ಪಿಚ್ಚರ್ ಅಂತಾರೆ, ನೆಲಕ್ಕೆ ಬಡಿಯದೆ ನೇರ ಎಸೀತಾನೆ. 1956ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಡಾನ್ ಲಾರ್ಸನ್ ಎದುರಾಳಿಗಳ 27 ಜನರನ್ನು ಒಬ್ಬರಾದ ಮೇಲೆ ಒಬ್ಬರಂತೆ ಔಟ್ ಮಾಡಿ ಕಳಿಸಿದ, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ! ಅದೇ ವರ್ಷ ಜುಲೈನಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಂದೇ ಟೆಸ್ಟಿನಲ್ಲಿ 19 ವಿಕೆಟ್ ಕಿತ್ತಿದ್ದ. 1956 ವಿಲನ್‌ಗಳ ವರ್ಷ ಅನ್ನಿ.

ನಮ್ಮ ಅನಿಲ್ ಕುಂಬ್ಳೆಯನ್ನು ಮರೆಯೋಕಾಗುತ್ತಾ? 1999ರ ಫೆಬ್ರವರಿ 7, ದೆಹಲಿ. ಪಾಕಿಸ್ತಾನ ಒಂದೂ ವಿಕೆಟ್ ಹೋಗದೆ 101. ಊಟದ ನಂತರ ಕುಂಬ್ಳೆ ಹಿಡಿದ ಪಟ್ಟು ಬಿಡಲಿಲ್ಲ. 74ಕ್ಕೆ ಹತ್ತೂ ವಿಕೆಟ್! ಒಂಬತ್ತು ಆದ ಮೇಲೆ ಮೈಸೂರಿನ ಜಾವಗಲ್ ಶ್ರೀನಾಥ್ ಗೆಳೆಯನಿಗಾಗಿ ಸ್ಟಂಪಿನಿಂದ ದೂರ ದೂರ ಎಸೆದರು. ಗೆಳೆತನದ ಕ್ಲೈಮ್ಯಾಕ್ಸ್ ಅಂದರೆ ಅದು. ಆ ದಿನ ಶಿವಮೊಗ್ಗದ ಹೋಟೆಲೊಂದರ ಟೀವಿ ಮುಂದೆ ನಾನು ನಿಂತಿದ್ದೆ, ಕಾಫಿ ತಣ್ಣಗಾದರೂ ಮಾಲೀಕ ಏಳಿ ಅನ್ನಲಿಲ್ಲ, ಅವನೂ ನಮ್ಮ ಜೊತೆ ನಿಂತಿದ್ದ.

ಬಹುಮಾನ ಯಾರಿಗೆ?

ಭದ್ರಾವತಿ ಮೈದಾನದಲ್ಲಿ ಬಹುಮಾನ ವಿತರಣೆ. ಪಂದ್ಯಪುರುಷ ಯಾರು ಗೊತ್ತಾ? ಮೂವತ್ತು ಹೊಡೆದ ಕ್ಯಾಪ್ಟನ್! ಗುಂಪಿನಲ್ಲಿ ಗೊಣಗು ಎದ್ದಿತು, ಪಟಾಕಿ ಸದ್ದಿನಲ್ಲಿ ಮುಚ್ಚಿಹೋಯಿತು. ಹುಡುಗ ಶೂ ಬಿಚ್ಚಿ ಯಾರದೋ ಕೈಗೆ ವಾಪಸ್ ಕೊಡುತ್ತಿದ್ದ.

ಅಜ್ಜ ಎದ್ದು ನಿಧಾನವಾಗಿ ಹೋದರು. "ಮಗಾ, ಆ ತಡವಾಗಿ ಬರೋದು ಹೆಂಗೆ ಹಿಡೀತೀಯ, ತೋರಿಸು" ಅಂದರು. ಹುಡುಗ ನಾಚಿಕೊಂಡು ಚೆಂಡನ್ನು ಅಂಗೈಗೆ ಒತ್ತಿ ಬೆರಳಿನ ಗಂಟುಗಳನ್ನು ಮೇಲೆ ಮಾಡಿ ತೋರಿಸಿದ. "ಯಾರು ಕಲಿಸಿದ್ದು?" "ಯಾರೂ ಇಲ್ಲಜ್ಜಾ, ಗೋಡೆಗೆ ಎಸ್ದು ಎಸ್ದು ಬಂತು." ಲೆದರ್ ಬಾಲ್ ಹಿಡಿದಿದ್ದೀಯಾ ಅಂತ ನಾನು ಕೇಳಿದೆ. ಇಲ್ಲ ಅಂತ ತಲೆಯಾಡಿಸಿದ. ನವಿಲೆ ಮೈದಾನ ನೋಡಿದ್ದೀಯಾ? "ಹೊರಗಿಂದ" ಅಂದ.

ಅಜ್ಜ ಏನೂ ಹೇಳಲಿಲ್ಲ. ಜೇಬಿನಿಂದ ನೂರರ ನೋಟು ತೆಗೆದು ಅವನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. "ಬಸ್ ಚಾರ್ಜಿಗೆ ಕಣೋ. ಒಳಗೆ ಹೋಗಿ ನೋಡ್ಕೊಂಡು ಬಾ."

ಅಲ್ಲಿಂದ ನವಿಲೆಯ ಪಿಚ್ಚಿಗೆ ಎರಡು ಬಸ್ಸು, ಒಂದು ಲೆದರ್ ಬಾಲು, ಕಾಲಿಗೆ ಸರಿಹೊಂದುವ ಒಂದು ಜೊತೆ ಶೂ, ಇಷ್ಟೇ ದೂರ. ಆದರೆ ಸಣ್ಣ ದೂರ ಅಲ್ಲ. ಸಣಕಲು ಕೈಯಲ್ಲಿ ಇಂಗ್ಲೆಂಡನ್ನು ಕೆಡವಿದ ಚಂದ್ರರನ್ನು ಕಂಡ ರಾಜ್ಯ ಇದು, ಆಗಲ್ಲ ಅನ್ನೋಕೆ ನಾನ್ಯಾರು?

ಮುಂದಿನ ಸಲ ಶಿವಮೊಗ್ಗ ಕಡೆ ಬಂದರೆ, ಗೆಳೆಯರೇ, ಜೋಗಕ್ಕೆ ಓಡುವ ಮುನ್ನ ಒಂದು ಭಾನುವಾರ ಭದ್ರಾವತಿಯಲ್ಲಿ ಇಳಿಯಿರಿ. ಹಳೇನಗರದ ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿ ನೋಡಿ, ಭದ್ರೆಯಲ್ಲಿ ಕಾಲು ತೊಳೆದು ಯಾವುದಾದರೂ ಮೈದಾನದ ಅಂಚಿಗೆ ಹೋಗಿ ಕೂರಿ. ಎಲ್ಲರೂ ಬ್ಯಾಟಿನ ಕಡೆ ನೋಡ್ತಿರ್ತಾರೆ. ನೀವು ಮಾತ್ರ ಚೆಂಡು ಹಿಡಿದವನ ಬೆರಳು ನೋಡಿ. ಶಿಳ್ಳೆ ಹೊಡೆಯೋ ಗಳಿಗೆ ಬಂದರೆ ಜಿಪುಣತನ ಬೇಡ!